ಒಂದು ಎರಡಾಗಿ ಕಂಡಾಗ: ಕಣ್ಣು ಆಡಿಸುವ ಆರು ಸ್ನಾಯು, ಮೂರು ನರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ಇಲ್ಲಿ ನಮ್ಮವರು ತುಂಬಾ ಜನ ಇದ್ದಾರೆ. ಕರಾವಳಿಯವರು, ಧಾರವಾಡ ವಿಜಯಪುರದ ಕಡೆಯವರು, ಎರಡು ಮೂರು ತಲೆಮಾರಿನಿಂದ ಇಲ್ಲೇ ಇರುವವರು. ಒಳಗೆ ಡಾಕ್ಟರ್ ಮರಾಠಿಯಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹೊರಗೆ ಬಂದು "ಅವರು ಹೇಳಿದ್ದೇನು, ಸ್ವಲ್ಪ ಕನ್ನಡದಲ್ಲಿ ಹೇಳಮ್ಮ" ಅಂತ ನನ್ನ ಪಕ್ಕ ಕೂರುತ್ತಾರೆ. ಅದರಲ್ಲೂ "ಕಣ್ಣಿನ ನಸ್ ವೀಕ್ ಆಗಿದೆ", ಅಂದರೆ ನರ ಸೋತಿದೆ, ಅಂತ ಕೇಳಿಸಿಕೊಂಡು ಬಂದವರಿಗೆ ಭಯ ಜಾಸ್ತಿ. ಅವರಿಗೆ ಮತ್ತೆ ಮತ್ತೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಣ್ಣು ಆಡಿಸುವುದಕ್ಕೆ ಎಷ್ಟು ಸ್ನಾಯು ಇವೆ?

ಒಂದೊಂದು ಕಣ್ಣಿಗೆ ಆರು. ಕಣ್ಣುಗುಡ್ಡೆ ದೊಡ್ಡದೇನಲ್ಲ, ಅಡ್ಡಳತೆ ಸುಮಾರು 24 ಮಿಲಿಮೀಟರ್. ಅದರ ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ ಒಂದೊಂದು ನೇರ ಸ್ನಾಯು. ಈ ನಾಲ್ಕೂ ಕಣ್ಣಿನ ಗುಳಿಯ ಹಿಂದೆ ಇರುವ ಒಂದು ಉಂಗುರದಿಂದ ಹೊರಟು, ಮುಂದೆ ಬಂದು ಬಿಳಿಗುಡ್ಡೆಗೆ ಅಂಟಿಕೊಳ್ಳುತ್ತವೆ. ಉಳಿದ ಎರಡು ಓರೆ ಸ್ನಾಯುಗಳು, ಮೇಲೊಂದು ಕೆಳಗೊಂದು.

ರಿಪೋರ್ಟ್ ಓದುವಾಗ ಗಾಬರಿ ಬೇಡ. ರೆಕ್ಟಸ್ ಅಂದರೆ ನೇರದ್ದು, ಆಬ್ಲಿಕ್ ಅಂದರೆ ಓರೆಯದ್ದು. ಮೀಡಿಯಲ್ ಅಂದರೆ ಮೂಗಿನ ಕಡೆ, ಲ್ಯಾಟರಲ್ ಅಂದರೆ ಕಿವಿಯ ಕಡೆ.

ಇವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮೇಲಿನ ಓರೆ ಸ್ನಾಯು. ಊರಿನ ಬಾವಿಯ ರಾಟೆ ನೋಡಿದ್ದೀರಲ್ಲ? ನೀವು ಹಗ್ಗವನ್ನು ಕೆಳಗೆ ಎಳೆದರೆ ಕೊಡಪಾನ ಮೇಲೆ ಬರುತ್ತದೆ. ರಾಟೆ ಎಳೆತದ ದಿಕ್ಕನ್ನೇ ತಿರುಗಿಸಿಬಿಡುತ್ತದೆ. ಈ ಸ್ನಾಯುವಿನ ದಾರಿಯೂ ಹಾಗೆಯೇ. ಗುಳಿಯ ಹಿಂದಿನಿಂದ ಹೊರಟು, ಮೂಗಿನ ಬುಡದ ಮೇಲ್ಗಡೆ ಮೃದು ಎಲುಬಿನ ಒಂದು ಪುಟ್ಟ ರಾಟೆಯೊಳಗೆ ತೂರಿ, ಅಲ್ಲಿಂದ ಹಿಂದಕ್ಕೆ ತಿರುಗಿ ಗುಡ್ಡೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಗುಡ್ಡೆಯ ಮೇಲಿದ್ದರೂ ಅದು ಕಣ್ಣನ್ನು ಕೆಳಗೆ ನೋಡುವ ಹಾಗೆ ಮಾಡುತ್ತದೆ, ಗುಡ್ಡೆಯ ಮೇಲ್ಭಾಗವನ್ನು ಮೂಗಿನ ಕಡೆಗೆ ಸ್ವಲ್ಪ ತಿರುಚುತ್ತದೆ ಕೂಡ. 16ನೇ ಶತಮಾನದಲ್ಲಿ ಇಟಲಿಯ ಗೇಬ್ರಿಯೆಲ್ ಫಾಲೋಪಿಯೋ ಈ ರಾಟೆಯನ್ನು ವಿವರಿಸಿದ. ಹೆಂಗಸರ ಗರ್ಭನಾಳಕ್ಕೆ ಫಾಲೋಪಿಯನ್ ಅಂತ ಹೆಸರು ಬಂದಿದ್ದು ಇವನಿಂದಲೇ.

ನರ ಯಾವುವು? ಹನ್ನೆರಡು ಜೋಡಿ ಇವೆ ಅಂತಾರಲ್ಲ?

ಹೌದು, ಮೆದುಳಿನಿಂದ ನೇರವಾಗಿ ಬರುವ ನರಗಳು ಹನ್ನೆರಡು ಜೋಡಿ. ಕಣ್ಣು ಆಡಿಸುವವು ಮೂರೇ: ಮೂರನೆಯದು, ನಾಲ್ಕನೆಯದು, ಆರನೆಯದು. ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ಆರನೆಯದು ಹೊರಗೆ, ನಾಲ್ಕನೆಯದು ರಾಟೆಗೆ, ಮಿಕ್ಕಿದ್ದೆಲ್ಲ ಮೂರರ ಪಾಲಿಗೆ.

ಅಂದರೆ ಆರನೇ ನರ ಕಿವಿಯ ಕಡೆಯ ಸ್ನಾಯು ಒಂದನ್ನೇ ನೋಡಿಕೊಳ್ಳುತ್ತದೆ. ನಾಲ್ಕನೆಯದು ರಾಟೆಯ ಸ್ನಾಯುವನ್ನು. ಉಳಿದ ನಾಲ್ಕು ಸ್ನಾಯು, ಮೇಲಿನ ರೆಪ್ಪೆ ಎತ್ತುವ ಸ್ನಾಯು, ಪಾಪೆ ಚಿಕ್ಕದು ಮಾಡುವ ಕೆಲಸ, ಹತ್ತಿರದ್ದಕ್ಕೆ ಫೋಕಸ್ ಮಾಡುವ ಕೆಲಸ, ಇವೆಲ್ಲ ಮೂರನೇ ನರದ ತಲೆಯ ಮೇಲೆ. ಎರಡನೇ ನರ ನೋಡುವುದಕ್ಕೆ, ಆಡಿಸುವುದಕ್ಕಲ್ಲ. ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. "ನರ ವೀಕ್" ಅಂದ ತಕ್ಷಣ ಕುರುಡಾಗುತ್ತೇವೆ ಅಂತ ಅಳುತ್ತಾರೆ. ಆಡಿಸುವ ನರ ಸೋತರೆ ಕಣ್ಣು ತಿರುಗುವುದಿಲ್ಲ, ನೋಟ ಹೋಗುವುದಿಲ್ಲ.

ಒಂದು ವಸ್ತು ಎರಡು ಕಾಣುತ್ತಿದೆ. ಕನ್ನಡಕದ ನಂಬರ್ ಬದಲಾಗಿದೆಯಾ?

ಮೊದಲು ಒಂದು ಕಣ್ಣು ಮುಚ್ಚಿ ನೋಡಿ. ಆಮೇಲೆ ಇನ್ನೊಂದು. ಕನ್ನಡಕದ ಅಂಗಡಿಗೆ ಹೋಗುವ ಮೊದಲು, ಡಾಕ್ಟರಿಗೆ ಫೋನ್ ಮಾಡುವ ಮೊದಲು ಈ ಒಂದು ಕೆಲಸ ಮಾಡಿ.

ಯಾವ ಕಣ್ಣು ಮುಚ್ಚಿದರೂ ಎರಡು ಹೋಗಿ ಒಂದೇ ಕಂಡರೆ, ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ. ಅದು ಸ್ನಾಯುವಿನದೋ, ನರದ್ದೋ, ಅವೆರಡು ಸೇರುವ ಜಾಗದ್ದೋ ತೊಂದರೆ. ಒಂದು ಕಣ್ಣು ಮುಚ್ಚಿದ ಮೇಲೂ ಇನ್ನೊಂದರಲ್ಲಿ ಎರಡೆರಡು, ನೆರಳು ನೆರಳಾಗಿ ಕಂಡರೆ ಅದು ಆ ಕಣ್ಣಿನೊಳಗಿನದ್ದು. ಪೊರೆ ಬಂದಿರಬಹುದು, ಕಣ್ಣು ಒಣಗಿರಬಹುದು, ನಂಬರೇ ಇರಬಹುದು.

ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮಪ್ಪ. ಅವರು ಮುಂಬಯಿಯ ಮಾಟುಂಗಾದಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು. ನಾನು ಆಗ ಇನ್ನೂ ಓದುತ್ತಿದ್ದೆ, ಹಾಸ್ಟೆಲಿನಲ್ಲಿದ್ದೆ. ಒಂದು ಬೆಳಿಗ್ಗೆ ಅವರಿಗೆ ಹೋಟೆಲಿನ ಆ ತುದಿಯ ಮೇಜುಗಳೆಲ್ಲ ಜೋಡಿ ಜೋಡಿಯಾಗಿ ಕಾಣಿಸಿದವು. ಆದರೆ ಕೈಯಲ್ಲಿದ್ದ ನೋಟು, ಬಿಲ್ಲು ಸರಿಯಾಗಿಯೇ ಇತ್ತು. ಹತ್ತಿರದ್ದು ಸರಿ ಇದೆ, ದೂರದ್ದು ಸರಿ ಇಲ್ಲ, ಅಂದರೆ ದೂರದ ನಂಬರ್ ಬದಲಾಗಿದೆ ಅಂತ ಲೆಕ್ಕ ಹಾಕಿ ಹತ್ತಿರದ ಒಂದು ಅಂಗಡಿಗೆ ಹೋದರು. ಅಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದರು, ಒಂದೊಂದೇ ಕಣ್ಣಿನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಹೊಸ ಗಾಜು ಕೊಟ್ಟು ಕಳಿಸಿದರು. ಹತ್ತು ದಿನ ಹಾಗೇ ಕಳೆಯಿತು.

ನಾನು ಮನೆಗೆ ಬಂದಾಗ ಅಪ್ಪ ಮುಖವನ್ನು ಬಲಕ್ಕೆ ತಿರುಗಿಸಿಕೊಂಡು, ಓರೆಯಾಗಿ ಟಿ.ವಿ. ನೋಡುತ್ತಾ ಕೂತಿದ್ದರು. ಕತ್ತು ನೋವಾ ಅಂತ ಕೇಳಿದೆ. "ಇಲ್ಲ ಮಾರಾಯ್ತಿ, ಹೀಗೆ ಕೂತರೆ ಒಂದೇ ಕಾಣುತ್ತದೆ" ಅಂದರು. ನನ್ನ ಬೆರಳನ್ನು ಅವರ ಮುಂದೆ ಹಿಡಿದು ಬಲಕ್ಕೆ ಸರಿಸಿದೆ. ಎಡಗಣ್ಣು ಮೂಗಿನವರೆಗೂ ಬಂತು. ಬಲಗಣ್ಣು ನಟ್ಟನಡುವೆ ನಿಂತುಬಿಟ್ಟಿತು, ಆಚೆ ಹೋಗಲೇ ಇಲ್ಲ. ಪುಸ್ತಕದಲ್ಲಿ ಓದಿದ್ದ ಆರನೇ ನರದ ಸೋಲು ನನ್ನ ಅಪ್ಪನ ಮುಖದಲ್ಲೇ ಇತ್ತು.

ಹತ್ತಿರದ್ದು ಸರಿಯಾಗಿ ಕಂಡು ದೂರದ್ದು ಮಾತ್ರ ಎರಡಾಗಿ ಕಾಣುವುದು ಯಾಕೆ?

ಹತ್ತಿರ ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ಕೂಡಿಕೊಳ್ಳುತ್ತವೆ, ಕಿವಿಯ ಕಡೆಯ ಸ್ನಾಯುವಿಗೆ ಹೆಚ್ಚು ಕೆಲಸ ಇಲ್ಲ. ದೂರ ನೋಡುವಾಗ ಎರಡೂ ನೇರವಾಗಬೇಕು. ಆಗ ಆರನೇ ನರ ಸೋತ ಕಣ್ಣು ಒಳಗೇ ಉಳಿದುಬಿಡುತ್ತದೆ. ಎರಡು ಚಿತ್ರಗಳು ಅಕ್ಕಪಕ್ಕ ಕಾಣುತ್ತವೆ. ಸೋತ ಕಣ್ಣಿನ ಕಡೆಗೆ ನೋಡಿದಷ್ಟೂ ಅಂತರ ಜಾಸ್ತಿ. ಅದಕ್ಕೇ ಅಪ್ಪ ಮುಖ ಬಲಕ್ಕೆ ತಿರುಗಿಸಿ, ಕಣ್ಣನ್ನು ಎಡಕ್ಕೆ ಇಟ್ಟುಕೊಂಡಿದ್ದು. ಯಾರೂ ಹೇಳಿಕೊಟ್ಟಿರಲಿಲ್ಲ, ದೇಹವೇ ದಾರಿ ಹುಡುಕಿಕೊಂಡಿತ್ತು.

ಸಕ್ಕರೆ ಕಾಯಿಲೆಗೂ ಕಣ್ಣು ತಿರುಗದಿರುವುದಕ್ಕೂ ಏನು ಸಂಬಂಧ?

ನರಕ್ಕೂ ರಕ್ತ ಬೇಕು. ಅದಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳು ಸಕ್ಕರೆಯಿಂದ, ಬಿ.ಪಿ.ಯಿಂದ ಕಟ್ಟಿಕೊಂಡರೆ ನರ ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುತ್ತದೆ. ಐವತ್ತು ದಾಟಿದವರಲ್ಲಿ ಆರನೆಯದೋ ಮೂರನೆಯದೋ ಹೀಗೆ ಸೋಲುವುದು ಸಾಮಾನ್ಯ. ಕೆಲವರಿಗೆ ಹುಬ್ಬಿನ ಸುತ್ತ ನೋವೂ ಇರುತ್ತದೆ. ಆದರೆ "ನನಗೆ ಶುಗರ್ ಇದೆ, ಅದರಿಂದಲೇ ಇರಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ. ಆರನೇ ನರ ತಲೆಬುರುಡೆಯ ಬುಡದಲ್ಲಿ ಉದ್ದ ದಾರಿ ಹತ್ತಿ ಬರುತ್ತದೆ. ತಲೆಯೊಳಗೆ ಎಲ್ಲಿ ಒತ್ತಡ ಏರಿದರೂ ಮೊದಲು ನರಳುವುದು ಇದೇ ಆಗಬಹುದು. ಬೆಳಿಗ್ಗೆ ತಲೆನೋವು, ವಾಂತಿ, ಜೊತೆಗೆ ಎರಡೆರಡು ಕಾಣುವುದು ಇದ್ದರೆ, ಅದರಲ್ಲೂ ಮಕ್ಕಳಿಗೆ ಹಾಗಾದರೆ, ಸ್ಕ್ಯಾನ್ ಬೇಕೇ ಬೇಕು.

ಮೆಟ್ಟಿಲು ಇಳಿಯುವಾಗ ಮಾತ್ರ ಎರಡು ಕಾಣುತ್ತದೆ. ಇದೇನು?

ನಾಲ್ಕನೇ ನರ ಇರಬಹುದು. ಸ್ಟೇಷನ್ ಬ್ರಿಜ್ ಮೇಲೆ ನಿಂತು ಕೆಳಗೆ ನೋಡಿದರೆ ಒಂದು ಮೆಟ್ಟಿಲ ಮೇಲೆ ಇನ್ನೊಂದು ಮೆಟ್ಟಿಲು, ಅದೂ ಸ್ವಲ್ಪ ವಾಲಿಕೊಂಡು. ಯಾವುದರ ಮೇಲೆ ಕಾಲಿಡುವುದು? ಸಾಯಂಕಾಲದ ಜನದಲ್ಲಿ ಹಿಂದಿನವರು ನೂಕುತ್ತಿರುತ್ತಾರೆ ಬೇರೆ. ಪೇಪರ್ ಓದುವಾಗಲೂ ಇದೇ ಕಷ್ಟ, ಯಾಕೆಂದರೆ ಕೆಳಗೆ ನೋಡುವುದು ರಾಟೆಯ ಸ್ನಾಯುವಿನ ಕೆಲಸ.

ಈ ನರ ಮೂರರಲ್ಲಿ ತೀರ ಸಣ್ಣದು, ಎಳೆಯಂಥದ್ದು. ಮೆದುಳುಕಾಂಡದ ಹಿಂಬದಿಯಿಂದ ಹೊರಡುವ ನರ ಹನ್ನೆರಡರಲ್ಲಿ ಇದೊಂದೇ. ಬಲಗಡೆಯದು ದಾಟಿ ಎಡಗಣ್ಣಿಗೆ, ಎಡಗಡೆಯದು ದಾಟಿ ಬಲಗಣ್ಣಿಗೆ ಹೋಗುತ್ತದೆ. ಸುತ್ತಿಕೊಂಡು ಬರುವ ದಾರಿ ಉದ್ದ, ಆದ್ದರಿಂದ ತಲೆಗೆ ಪೆಟ್ಟು ಬಿದ್ದಾಗ ಬೇಗ ನೋಯುತ್ತದೆ. ಬೈಕಿನಿಂದ ಬಿದ್ದವರಲ್ಲಿ ನಾವು ಇದನ್ನು ಹುಡುಕುತ್ತೇವೆ.

ಕೆಲವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಅವರು ಸೋತ ಕಣ್ಣಿನ ಎದುರು ಭುಜಕ್ಕೆ ತಲೆ ವಾಲಿಸಿಕೊಂಡೇ ಬೆಳೆಯುತ್ತಾರೆ. ನಲವತ್ತು ವರ್ಷದ ಮೇಲೆ ಎರಡು ಕಾಣತೊಡಗಿದಾಗ ಹೊಸ ಕಾಯಿಲೆ ಅಂತ ಓಡಿಬರುತ್ತಾರೆ. ಆಗ ಹಳೇ ಫೋಟೋ ತನ್ನಿ ಅನ್ನುತ್ತೇವೆ. ಒಬ್ಬರು ಅಕ್ಕ ಮದುವೆ ಆಲ್ಬಮ್ಮನ್ನೇ ಹೊತ್ತು ತಂದಿದ್ದರು. ಧಾರೆಯ ಫೋಟೋದಲ್ಲೂ, ಅದಕ್ಕಿಂತ ಹಿಂದಿನ ಶಾಲೆಯ ಗ್ರೂಪ್ ಫೋಟೋದಲ್ಲೂ ತಲೆ ಎಡಕ್ಕೇ ವಾಲಿತ್ತು. ಹಳೇದು ಅಂತ ಗೊತ್ತಾದಾಗ ಅವರ ಮುಖಕ್ಕೆ ಬಂದ ಸಮಾಧಾನ ನನಗೆ ಇನ್ನೂ ನೆನಪಿದೆ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದು, ಅದನ್ನು ಎತ್ತಿ ನೋಡಿದರೆ ಕಣ್ಣು ಹೊರಗೂ ಕೆಳಗೂ ಸರಿದಿದ್ದು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ ಒಂದು ಗಂಟೆಯೂ ಕಾಯಬೇಡಿ. ತಲೆನೋವು ಜೋರಾಗಿದ್ದರಂತೂ ಇನ್ನೂ ತುರ್ತು.

ಇದು ಮೂರನೇ ನರ. ಮೆದುಳಿನ ಬುಡದಲ್ಲಿ ಒಂದು ರಕ್ತನಾಳದ ಪಕ್ಕದಲ್ಲೇ ಇದು ಹಾದುಹೋಗುತ್ತದೆ. ಆ ನಾಳದ ಗೋಡೆ ಬಲೂನಿನ ಹಾಗೆ ಉಬ್ಬಿದರೆ ನರವನ್ನು ಒತ್ತುತ್ತದೆ. ಪಾಪೆಗೆ ಹೋಗುವ ಎಳೆಗಳು ನರದ ಹೊರಮೈಯಲ್ಲಿವೆ, ಹಾಗಾಗಿ ಹೊರಗಿನ ಒತ್ತಡಕ್ಕೆ ಅವು ಮೊದಲು ಸಿಗುತ್ತವೆ, ಪಾಪೆ ಹಿಗ್ಗುತ್ತದೆ. ಸಕ್ಕರೆಯಿಂದ ಸೋತಾಗ ನರದ ಒಳಭಾಗ ನೊಂದಿರುತ್ತದೆ, ಪಾಪೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಡಾಕ್ಟರ್ ಟಾರ್ಚ್ ಹಾಕಿ ಪಾಪೆಯನ್ನೇ ಮತ್ತೆ ಮತ್ತೆ ನೋಡುವುದು ಇದಕ್ಕೆ. ಉಬ್ಬಿದ ನಾಳ ಒಡೆದರೆ ಜೀವಕ್ಕೇ ಅಪಾಯ. ರೆಪ್ಪೆ ಪೂರ್ತಿ ಮುಚ್ಚಿಕೊಂಡಿದ್ದರೆ ಎರಡೆರಡು ಕಾಣುವುದೇ ಇಲ್ಲ, ಅಷ್ಟಕ್ಕೇ ಸಮಾಧಾನಪಡಬೇಡಿ, ಇದನ್ನೂ ನೆನಪಿಡಿ.

ಎರಡೆರಡು ಕಾಣುವುದರ ಜೊತೆ ಮಾತು ತೊದಲುವುದು, ಕೈಕಾಲು ಜೋಮು, ಬಾಯಿ ಸೊಟ್ಟ, ನಡೆದರೆ ತೂರಾಡುವುದು ಇದ್ದರೆ ಅದು ಲಕ್ವ ಇರಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. 108ಕ್ಕೆ ಫೋನ್ ಮಾಡಿ. ಮುಂಬಯಿ ಒಳಗಿದ್ದರೆ ಪರೇಲಿನ ಕೆ.ಇ.ಎಂ., ಸಯನ್ ಆಸ್ಪತ್ರೆ, ಭಾಯಖಳದ ಜೆ.ಜೆ., ಇಲ್ಲೆಲ್ಲ ಕಣ್ಣಿನ ವಿಭಾಗವೂ ಇದೆ, ನರರೋಗ ವಿಭಾಗವೂ ಇದೆ. ಕನ್ನಡಕದ ಅಂಗಡಿಗೆ ಮಾತ್ರ ಹೋಗಬೇಡಿ.

ಬೆಳಿಗ್ಗೆ ಸರಿ ಇರುತ್ತದೆ, ಸಾಯಂಕಾಲ ರೆಪ್ಪೆ ಜೋಲುತ್ತದೆ, ಎರಡು ಕಾಣುತ್ತದೆ. ಸುಸ್ತಿಗಾ?

ಸುಸ್ತು ಅಂತ ಬಿಡಬೇಡಿ. ನರವೂ ಸರಿ, ಸ್ನಾಯುವೂ ಸರಿ, ಅವೆರಡು ಸೇರುವ ಜಾಗದಲ್ಲಿ ತೊಂದರೆ ಆಗುವ ಕಾಯಿಲೆ ಒಂದಿದೆ, ಮಯಸ್ತೇನಿಯಾ ಗ್ರೇವಿಸ್ ಅಂತ. ದೇಹದ ರಕ್ಷಣಾ ವ್ಯವಸ್ಥೆಯೇ ಆ ಜಾಗದ ಮೇಲೆ ತಿರುಗಿಬೀಳುತ್ತದೆ. ಸ್ನಾಯು ಬಳಸಿದಷ್ಟೂ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸುತ್ತದೆ. ಇಂದು ಎಡ, ನಾಳೆ ಬಲ ಅಂತ ಬದಲಾಗುವುದೂ ಉಂಟು. ನಮ್ಮಲ್ಲಿ ಜೋತ ರೆಪ್ಪೆಯ ಮೇಲೆ ಎರಡು ನಿಮಿಷ ಮಂಜುಗಡ್ಡೆಯ ಪೊಟ್ಟಣ ಇಟ್ಟು ನೋಡುತ್ತಾರೆ. ತಂಪಿಗೆ ರೆಪ್ಪೆ ಮೇಲೆದ್ದರೆ ಅನುಮಾನ ಗಟ್ಟಿಯಾಗುತ್ತದೆ. ಔಷಧ ಇದೆ. ನುಂಗುವುದಕ್ಕೆ, ಉಸಿರಾಡುವುದಕ್ಕೆ ಕಷ್ಟವಾದರೆ ಮಾತ್ರ ರಾತ್ರಿಯಾದರೂ ಹೊರಡಿ.

ಥೈರಾಯಿಡ್ ಕಾಯಿಲೆ ಇರುವ ಕೆಲವರಲ್ಲಿ ಸ್ನಾಯುವೇ ದಪ್ಪಗಾಗಿ ಬಿಗಿದುಕೊಳ್ಳುತ್ತದೆ, ಹೆಚ್ಚಾಗಿ ಕೆಳಗಿನ ನೇರ ಸ್ನಾಯು. ಮೇಲೆ ನೋಡಲು ಆಗುವುದಿಲ್ಲ, ಗುಡ್ಡೆ ಮುಂದೆ ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಇದು ಇನ್ನೂ ಕೆಡುತ್ತದೆ. ದಯವಿಟ್ಟು ಬಿಡಿ.

ಮಗನಿಗೆ ಕ್ರಿಕೆಟ್ ಚೆಂಡು ಕಣ್ಣಿಗೆ ಬಿತ್ತು. ಕಣ್ಣು ಕೆಂಪಾಗಿಲ್ಲ, ಆದರೆ ಮೇಲೆ ನೋಡು ಅಂದರೆ ವಾಂತಿ ಮಾಡುತ್ತಾನೆ.

ಈಗಲೇ ಕರೆದುಕೊಂಡು ಹೋಗಿ. ಗುಳಿಯ ತಳದ ಎಲುಬು ತುಂಬಾ ತೆಳು. ಮಕ್ಕಳಲ್ಲಿ ಅದು ಬಿರುಕುಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ, ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗೆ ಕೆಳಗಿನ ಸ್ನಾಯು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗೆ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಸ್ನಾಯು ಎಳೆದಾಗ ನಾಡಿ ನಿಧಾನವಾಗಿ, ಹೊಟ್ಟೆ ತೊಳಸಿ ವಾಂತಿ ಬರುತ್ತದೆ. ತಡಮಾಡಿದರೆ ಸಿಕ್ಕಿದ ಸ್ನಾಯುವಿಗೆ ರಕ್ತ ಸಿಗದೆ ಶಾಶ್ವತವಾಗಿ ಹಾಳಾಗಬಹುದು.

ಬಲಗಣ್ಣು ಹಾರುತ್ತಿದೆ. ಇದೂ ಈ ನರಗಳದ್ದೇನಾ?

ಅಲ್ಲ. ಹಾರುವುದು ಗುಡ್ಡೆಯಲ್ಲ, ರೆಪ್ಪೆ. ರೆಪ್ಪೆ ಮುಚ್ಚುವ ಸ್ನಾಯು ಏಳನೇ ನರದ್ದು. ಗಂಡಸರಿಗೆ ಬಲ ಶುಭ, ಹೆಂಗಸರಿಗೆ ಎಡ ಶುಭ ಅಂತ ನಮ್ಮಲ್ಲಿ ನಂಬಿಕೆ. ನಿದ್ದೆ ಕಡಿಮೆಯಾದಾಗ, ಚಹಾ ಕಾಫಿ ಜಾಸ್ತಿಯಾದಾಗ ಇದು ಬರುತ್ತದೆ, ತಾನಾಗಿ ಹೋಗುತ್ತದೆ. ವಾರಗಟ್ಟಲೆ ಬಿಡದಿದ್ದರೆ, ಕೆನ್ನೆ ಬಾಯಿಯೂ ಸೇರಿ ಎಳೆದರೆ ತೋರಿಸಿ.

ಲೋಕಲ್ ರೈಲಿನಲ್ಲಿ ಕಿಟಕಿಯ ಹತ್ತಿರ ಕೂತವರ ಕಣ್ಣು ಕುಣಿಯುತ್ತಿರುತ್ತದೆ. ಕಾಯಿಲೆಯಾ?

ಖಂಡಿತ ಅಲ್ಲ, ಆರೋಗ್ಯದ ಗುರುತು. ಕಿಟಕಿಯಾಚೆ ನೋಡುವವರ ಎದುರು ಸೀಟು ಸಿಕ್ಕಿದಾಗ ಗಮನಿಸಿ. ಒಂದು ಕಂಬವನ್ನು ಹಿಡಿದು ಕಣ್ಣು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ, ಕಂಬ ದಾಟಿದ ಕೂಡಲೇ ಚಟ್ಟನೆ ಮುಂದಕ್ಕೆ ಜಿಗಿದು ಇನ್ನೊಂದು ಕಂಬ ಹಿಡಿಯುತ್ತದೆ. ಹಿಂದೆ ಇದಕ್ಕೆ ರೈಲ್ವೆ ನಿಸ್ಟಾಗ್ಮಸ್ ಅಂತಲೇ ಕರೆಯುತ್ತಿದ್ದರು. ಪರೀಕ್ಷೆಯಲ್ಲಿ ನಾವು ಪಟ್ಟೆ ಪಟ್ಟೆಯ ಡ್ರಮ್ ತಿರುಗಿಸಿ ಇದನ್ನೇ ನೋಡುತ್ತೇವೆ.

ಇನ್ನೊಂದು ಮಾಡಿ ನೋಡಿ. ಫೋನ್ ಹಿಡಿದುಕೊಂಡು ಅದನ್ನು ಬೇಗ ಬೇಗ ಅಲ್ಲಾಡಿಸಿ, ಅಕ್ಷರ ಓದಲಾಗುವುದಿಲ್ಲ. ಈಗ ಫೋನ್ ಸುಮ್ನೆ ಹಿಡಿದು ತಲೆಯನ್ನು ಅಷ್ಟೇ ವೇಗವಾಗಿ ಅಲ್ಲಾಡಿಸಿ, ಓದಬಹುದು! ಒಳಕಿವಿಯಿಂದ ಸುದ್ದಿ ಹೋಗಿ, ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ಈ ಮೂರು ನರಗಳು ಕಣ್ಣನ್ನು ತಲೆಯ ವಿರುದ್ಧ ದಿಕ್ಕಿಗೆ ತಿರುಗಿಸುತ್ತವೆ. ಇದಿಲ್ಲದಿದ್ದರೆ ನಡೆಯುವಾಗ ಬೋರ್ಡ್ ಓದುವುದೂ ಸಾಧ್ಯವಿರುತ್ತಿರಲಿಲ್ಲ.

ಮಗುವಿಗೆ "ತಿರಳೇಪಣಾ" ಇದೆ ಅಂದರು. ದೊಡ್ಡವನಾದಾಗ ಸರಿಹೋಗುತ್ತದಾ?

ತಿರಳೇಪಣಾ ಅಂದರೆ ನಮ್ಮ ಮೆಳ್ಳೆಗಣ್ಣು. ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಆಗಾಗ ಕಣ್ಣು ತಪ್ಪುವುದು ಸಹಜ. ಆಮೇಲೂ ಇದ್ದರೆ ತಾನಾಗಿ ಸರಿಹೋಗುತ್ತದೆ ಅಂತ ಕಾಯಬೇಡಿ. ಮಗುವಿನ ಮೆದುಳು ಎರಡೆರಡು ಕಾಣುವ ಕಷ್ಟ ತಪ್ಪಿಸಿಕೊಳ್ಳಲು ತಪ್ಪಿದ ಕಣ್ಣಿನ ಚಿತ್ರವನ್ನೇ ಬಿಟ್ಟುಬಿಡುತ್ತದೆ. ವರ್ಷಗಟ್ಟಲೆ ಹಾಗೆ ಬಿಟ್ಟರೆ ಆ ಕಣ್ಣಿನ ನೋಟವೇ ಬೆಳೆಯುವುದಿಲ್ಲ. ಏಳೆಂಟು ವರ್ಷದೊಳಗೆ ಹಿಡಿದರೆ ಚೆನ್ನಾಗಿರುವ ಕಣ್ಣಿಗೆ ಹಾಕುವ ಪಟ್ಟಿ, ಕನ್ನಡಕದಿಂದ ಎಷ್ಟೋ ಸರಿಮಾಡಬಹುದು. ಅಜ್ಜಿಯರು "ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಗೇ ಇತ್ತು" ಅಂತ ತಡೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಅದೇ ವಾರ ತೋರಿಸಿ, ಕಣ್ಣಿನೊಳಗೆ ಗಡ್ಡೆ ಇರಬಹುದು.

ಆಪರೇಷನ್‌ನಲ್ಲಿ ಗುಡ್ಡೆ ಹೊರಗೆ ತೆಗೆಯುತ್ತಾರಾ?

ಇಲ್ಲ, ಇಲ್ಲ. ಬಿಳಿಗುಡ್ಡೆಯ ಮೇಲಿನ ತೆಳು ಪೊರೆಯನ್ನು ಸ್ವಲ್ಪ ಬಿಡಿಸಿ, ಸ್ನಾಯುವನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ, ಇಲ್ಲವೇ ಮೊಟಕು ಮಾಡಿ ಹೊಲಿಯುತ್ತಾರೆ. ಮೂಗಿನ ಕಡೆಯ ಸ್ನಾಯು ಕರಿಗುಡ್ಡೆಯ ಅಂಚಿನಿಂದ ಬರೀ 5.5 ಮಿಲಿಮೀಟರ್ ದೂರದಲ್ಲಿ ಅಂಟಿರುತ್ತದೆ, ಅಷ್ಟು ಹತ್ತಿರ. ಸುಕ್ಕು ತೆಗೆಯುವುದಕ್ಕೆ ಹೆಸರಾದ, ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಇದೆಯಲ್ಲ, ಅದನ್ನು ಅಮೆರಿಕದ ಕಣ್ಣಿನ ಡಾಕ್ಟರ್ ಅಲನ್ ಸ್ಕಾಟ್ ಬೆಳೆಸಿದ್ದೇ ಮೆಳ್ಳೆಗಣ್ಣಿಗಾಗಿ. 1989ರಲ್ಲಿ ಅಲ್ಲಿ ಅದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣಿಗೆ, ಮತ್ತೆ ರೆಪ್ಪೆ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೆ.

ಕಣ್ಣಿನ ವ್ಯಾಯಾಮದಿಂದ ನರ ಸರಿಹೋಗುತ್ತದಾ?

ಇಲ್ಲ. ಹತ್ತಿರ ನೋಡುವಾಗ ಎರಡು ಕಣ್ಣು ಸರಿಯಾಗಿ ಕೂಡದವರಿಗೆ ಪೆನ್ಸಿಲ್ ಹಿಡಿದು ಮಾಡುವ ವ್ಯಾಯಾಮ ಉಪಯೋಗ. ಸೋತ ನರಕ್ಕೆ ಅಲ್ಲ.

ಎರಡೆರಡು ಕಾಣುವುದು ಎಷ್ಟು ದಿನಕ್ಕೆ ಹೋಗುತ್ತದೆ? ಅಲ್ಲಿಯವರೆಗೆ ಏನು ಮಾಡುವುದು?

ಸಕ್ಕರೆಯಿಂದ ಆದದ್ದು ಹೆಚ್ಚಿನವರಿಗೆ ಮೂರು ತಿಂಗಳ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಕಡಿಮೆಯಾಗುವ ಲಕ್ಷಣವೇ ಇಲ್ಲದಿದ್ದರೆ, ಇಲ್ಲವೇ ಜಾಸ್ತಿಯಾಗುತ್ತಾ ಹೋದರೆ ಡಾಕ್ಟರ್ ಮತ್ತೆ ನೋಡಬೇಕು, ಸ್ಕ್ಯಾನ್ ಮಾಡಿಸಬೇಕು.

ಅಲ್ಲಿಯವರೆಗೆ ದೊಡ್ಡವರು ಕನ್ನಡಕದ ಒಂದು ಗಾಜಿಗೆ ಮಬ್ಬು ಟೇಪ್ ಅಂಟಿಸಿಕೊಂಡರೆ ಸಾಕು. ಮಕ್ಕಳಿಗೆ ಡಾಕ್ಟರ್ ಹೇಳದೆ ಹೀಗೆ ಮಾಡಬೇಡಿ. ಬೆಳಕನ್ನು ಬಾಗಿಸಿ ಎರಡು ಚಿತ್ರ ಒಂದು ಮಾಡಲು ಗಾಜಿನ ಮೇಲೆ ಅಂಟಿಸುವ ಪ್ರಿಸಂ ಹಾಳೆಯೂ ಸಿಗುತ್ತದೆ. ಗಾಡಿ ಓಡಿಸಬೇಡಿ. ಓಡುವ ಲೋಕಲ್ ಹತ್ತಲೇಬೇಡಿ, ಒಂದು ಕಣ್ಣು ಮುಚ್ಚಿದ್ದರೆ ಫುಟ್‌ಬೋರ್ಡ್ ಎಷ್ಟು ದೂರ ಅಂತ ಸರಿಯಾಗಿ ಅಂದಾಜು ಸಿಗುವುದಿಲ್ಲ.

ಅಪ್ಪ ಟೇಪ್ ಅಂಟಿಸಿಕೊಂಡೇ ಕೆಲಸಕ್ಕೆ ಹೋದರು, ನಿಂತ ಗಾಡಿಯನ್ನೇ ಹತ್ತಿ. ದಿನಾ ಬೆಳಿಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಅದೇ ಜಾಗದಲ್ಲಿ ನಿಂತು, ಕನ್ನಡಕ ಎತ್ತಿ ಇಂಡಿಕೇಟರ್ ನೋಡುತ್ತಿದ್ದರು. ಎರಡು ಇಂಡಿಕೇಟರ್ ನಡುವಿನ ಸಂದಿ ಎಷ್ಟು ಅಂತ ಸಂಜೆ ಫೋನಿನಲ್ಲಿ ನನಗೆ ಹೇಳುವರು. ಮೊದಲು ಒಂದು ಮೊಳ, ಆಮೇಲೆ ಒಂದು ಗೇಣು, ಆಮೇಲೆ ನಾಲ್ಕು ಬೆರಳು. ಹನ್ನೊಂದನೇ ವಾರ ಫೋನ್ ಸಂಜೆಗೆ ಬರಲಿಲ್ಲ, ಬೆಳಿಗ್ಗೆ 7 ಗಂಟೆಗೇ ಬಂತು, ಪ್ಲಾಟ್‌ಫಾರ್ಮಿನಿಂದಲೇ.